ಲೆಕ್ಕಕ್ಕೆ ಸಿಗದ ದಿವಾಳಿಗಳು

ವ್ಯಾಪಾರ ಬಿದ್ದಾಗ ದಿವಾಳಿಯಾಗುವವರ ಸಂಖ್ಯೆ ಏರುತ್ತದೆಯೋ ಇಳಿಯುತ್ತದೆಯೋ? ನಮ್ಮ ಕಾಮರ್ಸ್ ತರಗತಿಯಲ್ಲಿ ಈ ಪ್ರಶ್ನೆ ಬಂದಾಗ ಎಲ್ಲರೂ ಒಂದೇ ಬಾಯಲ್ಲಿ "ಏರುತ್ತದೆ" ಅಂದರು. 2008ರಲ್ಲಿ ಅಮೆರಿಕದ ದೊಡ್ಡ ಬ್ಯಾಂಕುಗಳು ಕುಸಿದ ಮೇಲೆ ಆದದ್ದೂ ಹಾಗೆಯೇ. 2010ರ ಒಂದೇ ವರ್ಷದಲ್ಲಿ ಅಲ್ಲಿನ ನ್ಯಾಯಾಲಯಗಳಿಗೆ ಸುಮಾರು 15.9 ಲಕ್ಷ ದಿವಾಳಿ ಅರ್ಜಿಗಳು ಬಂದವು.

ಈಗ 2020ಕ್ಕೆ ಬನ್ನಿ. ಲಾಕ್‌ಡೌನ್, ಮುಚ್ಚಿದ ಅಂಗಡಿ, ಕೆಲಸ ಕಳೆದುಕೊಂಡ ಕೋಟಿಗಟ್ಟಲೆ ಜನ. ಆದರೆ ಅದೇ ಅಮೆರಿಕದಲ್ಲಿ 2019ರಲ್ಲಿ ಸುಮಾರು 7.75 ಲಕ್ಷ ಇದ್ದ ಅರ್ಜಿಗಳು 2020ರಲ್ಲಿ 5.44 ಲಕ್ಷಕ್ಕೆ ಇಳಿದವು. ಕಷ್ಟ ಹೆಚ್ಚಾದ ವರ್ಷದಲ್ಲಿ ದಿವಾಳಿ ಕಡಿಮೆಯಾಯಿತು! ನಮ್ಮ ದೇಶದಲ್ಲೂ ಕಥೆ ಹೀಗೆಯೇ. 2020ರ ಏಪ್ರಿಲ್‌ನಿಂದ ಜೂನ್‌ವರೆಗಿನ ಮೂರು ತಿಂಗಳಲ್ಲಿ ಜಿಡಿಪಿ ಹಿಂದಿನ ವರ್ಷಕ್ಕಿಂತ ಶೇ. 23.9ರಷ್ಟು ಕುಸಿಯಿತೆಂದು ಸರ್ಕಾರದ ಮೊದಲ ಅಂದಾಜು ಹೇಳಿತು. ಆದರೆ ಕಂಪನಿಗಳ ಹೊಸ ದಿವಾಳಿ ಪ್ರಕರಣಗಳು ಏರುವ ಬದಲು ಇಳಿದವು.

ಇದನ್ನು ಓದಿದಾಗ ನನಗೆ ಸಮಾಧಾನ ಆಗಲಿಲ್ಲ, ಅನುಮಾನ ಬಂತು. ನಮ್ಮ ರಾಮನಗರದಲ್ಲಿ ಆ ವರ್ಷ ಎಷ್ಟು ರೇಷ್ಮೆ ನೂಲಿನ ಕಾರ್ಖಾನೆಗಳ ಒಲೆ ಆರಿತ್ತು ಎಂಬುದನ್ನು ಕಣ್ಣಾರೆ ಕಂಡವರು ನಾವು. ಅವರೆಲ್ಲ ಯಾವ ಲೆಕ್ಕದಲ್ಲಿದ್ದಾರೆ?

ಅಮೆರಿಕದಲ್ಲಿ ಇಳಿದದ್ದಕ್ಕೆ ಕಾರಣ ಇದೆ. ಸರ್ಕಾರ ಜನರ ಖಾತೆಗೆ ನೇರವಾಗಿ ಹಣ ಹಾಕಿತು, ಮನೆ ಸಾಲ ಕಟ್ಟದವರನ್ನು ಹೊರಗೆ ಹಾಕದಂತೆ ಕೆಲವು ಕಾಲ ತಡೆ ಕೊಟ್ಟಿತು, ಕೋರ್ಟುಗಳೂ ನಿಧಾನವಾದವು. ನಮ್ಮಲ್ಲಿ ಇಳಿದದ್ದಕ್ಕೆ ಕಾರಣ ಇನ್ನೂ ಸರಳ. ಕೇಸು ಹಾಕುವುದನ್ನೇ ಕಾನೂನು ನಿಲ್ಲಿಸಿತು. ಐಬಿಸಿ ಎಂದು ಕರೆಯುವ 2016ರ ದಿವಾಳಿತನ ಸಂಹಿತೆಗೆ 2020ರ ಜೂನ್‌ನಲ್ಲಿ 10ಎ ಎಂಬ ಹೊಸ ಕಲಂ ಸೇರಿಸಿದರು. 2020ರ ಮಾರ್ಚ್ 25ರಿಂದ ಮುಂದಕ್ಕೆ ಒಂದು ವರ್ಷದ ಒಳಗೆ ಕಂಪನಿ ಯಾವ ಬಾಕಿ ಉಳಿಸಿಕೊಂಡರೂ ಅದರ ಮೇಲೆ ಈ ಸಂಹಿತೆಯಡಿ ಎಂದಿಗೂ ದಿವಾಳಿ ಅರ್ಜಿ ಹಾಕುವಂತಿಲ್ಲ ಎಂದಾಯಿತು. ಅದಕ್ಕೂ ಮೊದಲು, ಮಾರ್ಚ್ 24ರಂದೇ, ಅರ್ಜಿ ಹಾಕಲು ಬೇಕಾದ ಕನಿಷ್ಠ ಬಾಕಿಯನ್ನು 1 ಲಕ್ಷದಿಂದ 1 ಕೋಟಿ ರೂಪಾಯಿಗೆ ಏರಿಸಿದ್ದರು. ಥರ್ಮಾಮೀಟರ್ ಅನ್ನು ಕಪಾಟಿನಲ್ಲಿ ಇಟ್ಟು ಬೀಗ ಹಾಕಿದರೆ ಜ್ವರ ಎಷ್ಟೆಂದು ಗೊತ್ತಾಗುವುದಿಲ್ಲ, ಅಷ್ಟೆ. ಆ ತಡೆ ತಪ್ಪು ಎಂದು ನಾನು ಹೇಳುತ್ತಿಲ್ಲ. ಲಾಕ್‌ಡೌನ್‌ನಲ್ಲಿ ಸಿಕ್ಕಿಬಿದ್ದ ಒಳ್ಳೆಯ ಕಂಪನಿಯನ್ನು ಹರಾಜಿಗೆ ಎಳೆಯದಿರುವುದು ಸರಿಯೇ. ನಾನು ಹೇಳುವುದು ಇಷ್ಟು: ದಿವಾಳಿಯ ಅಂಕಿಅಂಶ ಜನರ ಕಷ್ಟವನ್ನು ಅಳೆಯುವುದಿಲ್ಲ, ಕಷ್ಟದಿಂದ ಹೊರಬರುವ ಬಾಗಿಲು ಯಾರಿಗೆ ಎಷ್ಟು ತೆರೆದಿದೆ ಎಂಬುದನ್ನು ಅಳೆಯುತ್ತದೆ. ನಮ್ಮಂಥ ಮನೆಗಳಿಗೆ ಆ ಬಾಗಿಲು ತೆರೆದೇ ಇಲ್ಲ. ಅದನ್ನು ತೆರೆಯಬೇಕು ಎಂಬುದು ನನ್ನ ವಾದ.

ಮೊದಲು ಪದದ ವಿಷಯ. ದಿವಾಳಿ ಎಂದರೆ ನಮ್ಮ ಊರಿನಲ್ಲಿ ಬೈಗುಳ. "ಪಾಪರ್ ಆದ", "ಪಾಪರ್ ಚೀಟಿ ತಗೊಂಡ" ಎಂದು ಕನ್ನಡದಲ್ಲಿ ಆಡಿಕೊಳ್ಳುತ್ತಾರೆ. ನಮ್ಮ ಮನೆಯ ಉರ್ದುವಿನಲ್ಲಿ "ಉಸ್ಕಾ ದಿವಾಲಾ ನಿಕಲ್ ಗಯಾ" ಅನ್ನುತ್ತಾರೆ, ಅದೂ ದನಿ ತಗ್ಗಿಸಿ. ಹಿಂದಿನ ಕಾಲದಲ್ಲಿ ವ್ಯಾಪಾರಿ ತನ್ನ ಬಳಿ ಏನೂ ಉಳಿದಿಲ್ಲ ಎಂದು ಸಾರಲು ಹಾಡಹಗಲಲ್ಲೇ ಅಂಗಡಿಯಲ್ಲಿ ದೀಪ ಹಚ್ಚಿಡುತ್ತಿದ್ದ, ದಿವಾಲಾ ಎಂಬ ಪದ ಬಂದದ್ದು ಅಲ್ಲಿಂದ ಎನ್ನುವ ಮಾತೂ ಇದೆ. ನಿಜವೋ ಸುಳ್ಳೋ, ನನಗೆ ಆ ಕಥೆ ಇಷ್ಟ. ಅದರಲ್ಲಿ ವ್ಯಾಪಾರಿ ಓಡಿಹೋಗುವುದಿಲ್ಲ. ದೀಪ ಹಚ್ಚಿ ಅಲ್ಲೇ ಕೂರುತ್ತಾನೆ, ಬನ್ನಿ ಇದ್ದದ್ದು ಇಷ್ಟು ನೋಡಿಕೊಳ್ಳಿ ಅನ್ನುತ್ತಾನೆ. ಈಗ ದಿವಾಳಿ ಎಂದಕೂಡಲೇ ನೆನಪಾಗುವುದು ವಿಜಯ್ ಮಲ್ಯ. ಭಾರತದ ಬ್ಯಾಂಕುಗಳು ಕೇಳಿಕೊಂಡ ಮೇಲೆ 2021ರ ಜುಲೈಯಲ್ಲಿ ಲಂಡನ್ನಿನ ಹೈಕೋರ್ಟ್ ಅವರನ್ನು ದಿವಾಳಿ ಎಂದು ಘೋಷಿಸಿತು. ಟಿವಿಯಲ್ಲಿ ಅಂಥವರ ಮುಖವನ್ನೇ ನೋಡಿ ನೋಡಿ, ದಿವಾಳಿಯಾದವನೆಂದರೆ ಮೋಸಗಾರನೇ ಎಂದು ಜನ ನಂಬಿಬಿಟ್ಟಿದ್ದಾರೆ.

ನಮ್ಮ ಪಠ್ಯಪುಸ್ತಕವೂ ಈ ವಿಷಯದಲ್ಲಿ ಬೇಗ ಮುಂದೆ ಹೋಗಿಬಿಡುತ್ತದೆ. ಪಾಲುದಾರರೆಲ್ಲರೂ ಅಥವಾ ಒಬ್ಬನನ್ನು ಬಿಟ್ಟು ಉಳಿದವರೆಲ್ಲರೂ ದಿವಾಳಿಯಾದರೆ ಸಂಸ್ಥೆಯ ವಿಸರ್ಜನೆ ಕಡ್ಡಾಯ ಎಂದು ಒಂದು ಅಂಕದ ಉತ್ತರಕ್ಕೆ ಓದುತ್ತೇವೆ. ಬಿಸಿನೆಸ್ ಸ್ಟಡೀಸ್‌ನಲ್ಲಿ ಏಕಮಾಲೀಕತ್ವದ ಲಕ್ಷಣಗಳಲ್ಲಿ "ಅಪರಿಮಿತ ಹೊಣೆಗಾರಿಕೆ" ಎಂದು ಬರೆಯುತ್ತೇವೆ. ಈ ಎರಡು ಪದಗಳ ಅರ್ಥ ಏನೆಂದು ಒಂದು ಕ್ಷಣ ಯೋಚಿಸಿ. ಕಂಪನಿ ಮುಳುಗಿದರೆ ಷೇರುದಾರ ಕಳೆದುಕೊಳ್ಳುವುದು ಷೇರಿಗೆ ಹಾಕಿದ ಹಣ ಮಾತ್ರ. ನನ್ನ ಅಬ್ಬುವಿನ ಕಾರ್ಖಾನಾ ಮುಳುಗಿದರೆ ಮಷೀನು ಹೋಗುತ್ತದೆ, ಆಮೇಲೆ ಸ್ಕೂಟರ್, ಆಮೇಲೆ ಅಮ್ಮಿಯ ಬಳೆ, ಆಮೇಲೆ ಮನೆ. ಎಲ್ಲಿ ನಿಲ್ಲುತ್ತದೆ ಎಂಬುದಕ್ಕೆ ಗೆರೆ ಇಲ್ಲ. ಅದೇ ಅಪರಿಮಿತ. ನಮ್ಮ ಕಾಲೇಜಿನಲ್ಲಿ ಓದುವವರಲ್ಲಿ ಕಂಪನಿ ಮಾಲೀಕರ ಮಕ್ಕಳು ಎಷ್ಟು ಮಂದಿ ಇರಬಹುದು? ಹೆಚ್ಚಿನವರು ನೂಲು ಬಿಚ್ಚುವವರ, ಮೆಕ್ಯಾನಿಕ್‌ಗಳ, ಹಣ್ಣಿನ ಅಂಗಡಿಯವರ, ಟೈಲರ್‌ಗಳ ಮಕ್ಕಳು. ಎಲ್ಲರದ್ದೂ ಅಪರಿಮಿತ ಹೊಣೆಗಾರಿಕೆಯೇ.

ರೇಷ್ಮೆಯ ವ್ಯವಹಾರ ಗೊತ್ತಿಲ್ಲದ ಗೆಳೆಯರಿಗಾಗಿ ಸ್ವಲ್ಪ ಹೇಳುತ್ತೇನೆ. ರೀಲರ್ ಗೂಡಿನ ಮಾರುಕಟ್ಟೆಯ ಹರಾಜಿನಲ್ಲಿ ಗೂಡು ಕೊಳ್ಳುತ್ತಾನೆ. ಅದಕ್ಕೆ ಹಣ ಆಗಲೇ ಕಟ್ಟಬೇಕು. ರೈತನಿಗೆ ಹಣ ತಡವಾಗಬಾರದು, ಅದು ನ್ಯಾಯ. ಗೂಡನ್ನು ಇಟ್ಟುಕೊಂಡು ಕೂರುವಂತೆಯೂ ಇಲ್ಲ, ಬೇಗ ಬೇಯಿಸಿ ನೂಲು ತೆಗೆಯಬೇಕು. ಆದರೆ ಆ ನೂಲನ್ನು ಕೊಂಡವರ ಹಣ ಬರುವುದು ಎಷ್ಟೋ ವಾರಗಳ ಮೇಲೆ. ಕೊಳ್ಳುವುದು ರೊಕ್ಕಕ್ಕೆ, ಮಾರುವುದು ಉದ್ರಿಗೆ. ನಡುವಿನ ಅಂತರವನ್ನು ಸಾಲದಿಂದಲೇ ತುಂಬಬೇಕು. ಅಕೌಂಟೆನ್ಸಿಯಲ್ಲಿ ಇದಕ್ಕೆ ದುಡಿಯುವ ಬಂಡವಾಳ ಎಂದು ಚೆಂದದ ಹೆಸರಿದೆ. ಮದುವೆಗಳು ನಡೆಯುತ್ತಿರುವ ತನಕ, ರೇಷ್ಮೆ ಸೀರೆ ಹೋಗುತ್ತಿರುವ ತನಕ ಇದು ಓಡುತ್ತದೆ. ಮದುವೆ ನಿಂತರೆ ನೂಲು ನಿಲ್ಲುತ್ತದೆ, ಬಡ್ಡಿ ನಿಲ್ಲುವುದಿಲ್ಲ.

2020ರಲ್ಲಿ ಆದದ್ದು ಅದೇ. ರಿಸರ್ವ್ ಬ್ಯಾಂಕು ಮಾರ್ಚ್ 1ರಿಂದ ಆಗಸ್ಟ್ 31ರ ತನಕ ಕಂತು ಮುಂದೂಡಲು ಅವಕಾಶ ಕೊಟ್ಟಿತು. ಮೊರಟೋರಿಯಂ ಎಂಬ ಪದ ನಮ್ಮ ಓಣಿಯ ಅಜ್ಜಿಯರ ಬಾಯಲ್ಲೂ ಬಂತು. ಬಹಳ ಜನ ಆರು ತಿಂಗಳ ಬಡ್ಡಿ ಮಾಫಿ ಎಂದುಕೊಂಡರು. ಮಾಫಿಯಾಗಿರಲಿಲ್ಲ, ಬಡ್ಡಿ ಸೇರುತ್ತಲೇ ಇತ್ತು. 2 ಕೋಟಿ ರೂಪಾಯಿವರೆಗಿನ ಸಾಲಗಳಿಗೆ ಬಡ್ಡಿಯ ಮೇಲಿನ ಬಡ್ಡಿಯನ್ನಷ್ಟೇ ಸರ್ಕಾರ ಆಮೇಲೆ ತುಂಬಿಕೊಟ್ಟಿತು. ಇದೆಲ್ಲ ಬ್ಯಾಂಕಿನಲ್ಲಿ ಸಾಲ ಇದ್ದವರಿಗೆ. ಮೀಟರ್ ಬಡ್ಡಿಯವನಿಗೆ ರಿಸರ್ವ್ ಬ್ಯಾಂಕಿನ ಸುತ್ತೋಲೆ ಯಾರು ಓದಿ ಹೇಳುತ್ತಾರೆ?

ಹಾಗಾದರೆ ಮುಳುಗಿದ ರೀಲರ್ ಅಥವಾ ಮುಳುಗಿದ ಮನೆಯವರು ಕಾನೂನಿನ ಪ್ರಕಾರ ಎಲ್ಲಿಗೆ ಹೋಗಬೇಕು? ಇದನ್ನು ಹುಡುಕಲು ಹೊರಟಾಗ ಸಿಕ್ಕಿದ್ದು ನನ್ನ ಮಟ್ಟಿಗೆ ಈ ಲೇಖನದ ಮುಖ್ಯ ವಿಷಯ.

ಐಬಿಸಿ ಸಂಹಿತೆಯಲ್ಲಿ ಕಂಪನಿಗಳಿಗೆ ಒಂದು ಭಾಗ, ವ್ಯಕ್ತಿಗಳು ಮತ್ತು ಪಾಲುದಾರಿಕೆ ಸಂಸ್ಥೆಗಳಿಗೆ ಇನ್ನೊಂದು ಭಾಗ ಇದೆ. ಕಂಪನಿಗಳ ಭಾಗ 2016ರ ಡಿಸೆಂಬರ್‌ನಲ್ಲೇ ಜಾರಿಗೆ ಬಂತು. ಬೆಂಗಳೂರಿನಲ್ಲಿ ಅದಕ್ಕೆ ಎನ್‌ಸಿಎಲ್‌ಟಿ ಎಂಬ ನ್ಯಾಯಮಂಡಳಿಯ ಪೀಠ ಇದೆ. 2024ರ ಜುಲೈ 16ರಂದು ಬೈಜೂಸ್ ಕಂಪನಿಯನ್ನು ದಿವಾಳಿ ಪ್ರಕ್ರಿಯೆಗೆ ಸೇರಿಸಿದ್ದು ಅದೇ ಪೀಠ. ಅರ್ಜಿ ಹಾಕಿದ್ದವರು ಕ್ರಿಕೆಟ್ ಮಂಡಳಿಯವರು, ಜೆರ್ಸಿ ಪ್ರಾಯೋಜಕತ್ವದ 158 ಕೋಟಿ ರೂಪಾಯಿ ಬಾಕಿಗಾಗಿ. ವ್ಯಕ್ತಿಗಳ ಭಾಗ ಮಾತ್ರ ಇಂದಿಗೂ ಪುಸ್ತಕದಲ್ಲೇ ಇದೆ. 2019ರ ಡಿಸೆಂಬರ್ 1ರಿಂದ ಅದನ್ನು ಜಾರಿಗೆ ತಂದದ್ದು ಕಂಪನಿ ಸಾಲಕ್ಕೆ ವೈಯಕ್ತಿಕ ಜಾಮೀನು ನಿಂತವರ ಮಟ್ಟಿಗೆ ಮಾತ್ರ. ಅಂದರೆ ಬ್ಯಾಂಕಿಗೆ ಬೇಕಾದಷ್ಟು ಬಾಗಿಲು ತೆರೆದರು, ಸಾಲಗಾರನಿಗೆ ಬೇಕಾದದ್ದನ್ನು ಹಾಗೇ ಬಿಟ್ಟರು.

ಆ ಜಾರಿಯಾಗದ ಭಾಗದಲ್ಲಿ ಬಡವರಿಗಾಗಿಯೇ ಒಂದು ಅಧ್ಯಾಯ ಇದೆ. ಹೆಸರು ಫ್ರೆಶ್ ಸ್ಟಾರ್ಟ್, ಹೊಸ ಆರಂಭ. ವರ್ಷದ ಆದಾಯ 60,000 ರೂಪಾಯಿ ಮೀರಬಾರದು, ಆಸ್ತಿ 20,000 ಮೀರಬಾರದು, ಸಾಲ 35,000 ಮೀರಬಾರದು, ಸ್ವಂತ ಮನೆ ಇರಬಾರದು. ಇಂಥವರು ಅರ್ಜಿ ಹಾಕಿದರೆ ಪರಿಶೀಲಿಸಿ ಸಾಲದಿಂದ ಬಿಡುಗಡೆ ಮಾಡಬಹುದು. ಓದುವಾಗ ಮನಸ್ಸಿಗೆ ಹಿತವಾಗುತ್ತದೆ. ಆದರೆ 2016ರಲ್ಲಿ ಬರೆದ ಈ ಮಿತಿಗಳನ್ನು ಇವತ್ತಿನ ಲೆಕ್ಕಕ್ಕೆ ಹಿಡಿದು ನೋಡಿ. ವರ್ಷಕ್ಕೆ 60,000 ಎಂದರೆ ತಿಂಗಳಿಗೆ 5,000. ನಮ್ಮ ಓಣಿಯಲ್ಲಿ ಒಬ್ಬ ಹೆಂಗಸು ಒಂದು ಸಂಘದಿಂದ ತೆಗೆಯುವ ಸಾಲವೇ 35,000 ದಾಟುತ್ತದೆ. ಹಾಗಾಗಿ ಇದು ಜಾರಿಗೆ ಬಂದರೂ ಸಾಲದು, ಮಿತಿಗಳನ್ನು ಏರಿಸಿ ಜಾರಿಗೆ ತರಬೇಕು.

ಅದು ಜಾರಿಗೆ ಬರುವ ತನಕ ಕರ್ನಾಟಕದ ಸಾಮಾನ್ಯ ಮನುಷ್ಯನಿಗೆ ಉಳಿದಿರುವುದು 1920ರ ಪ್ರಾಂತೀಯ ದಿವಾಳಿ ಕಾಯ್ದೆ. ಬ್ರಿಟಿಷರ ಕಾಲದ್ದು. ಸಾಲ 500 ರೂಪಾಯಿ ಮುಟ್ಟಿದ್ದರೆ, ತೀರಿಸಲು ಶಕ್ತಿ ಇಲ್ಲದಿದ್ದರೆ, ಸಾಲಗಾರನೇ ಕೋರ್ಟಿಗೆ ಅರ್ಜಿ ಕೊಡಬಹುದು. 1920ರಲ್ಲಿ 500 ರೂಪಾಯಿ ಎಂದರೆ ದೊಡ್ಡ ಮೊತ್ತ ಇದ್ದಿರಬೇಕು, ಈಗ ಅದು ಒಂದು ಬಿರಿಯಾನಿ ಪಾರ್ಟಿಯ ಬಿಲ್ಲು. ಕೋರ್ಟು ಒಪ್ಪಿದರೆ ಸಾಲಗಾರನ ಆಸ್ತಿ ರಿಸೀವರ್ ಕೈಗೆ ಹೋಗುತ್ತದೆ, ಸಾಲ ಕೊಟ್ಟವರಿಗೆಲ್ಲ ಅವರವರ ಪಾಲಿನಂತೆ ಹಂಚಿಕೆಯಾಗುತ್ತದೆ, ಆಮೇಲೆ ಸಾಲಗಾರ ಬಿಡುಗಡೆ ಕೇಳಬಹುದು. ಕಾನೂನಿನ ಎಲುಬು ಚೆನ್ನಾಗಿದೆ. ಆದರೆ ಅದನ್ನು ಬಳಸಬಹುದೆಂದು ಹೇಳಿಕೊಡುವವರು ಯಾರೂ ಇಲ್ಲ. ಪಾಪರ್ ಚೀಟಿ ಎಂಬ ಬೈಗುಳ ಮಾತ್ರ ಉಳಿದುಕೊಂಡಿದೆ.

ಬಾಗಿಲು ಇಲ್ಲದಾಗ ಜನ ಏನು ಮಾಡುತ್ತಾರೆ ಎಂಬುದಕ್ಕೆ ನಮ್ಮ ಊರಿನದೇ ಚರಿತ್ರೆ ಇದೆ. ನಾವೆಲ್ಲ ಕೈಗೂಸುಗಳಾಗಿದ್ದಾಗ ನಡೆದದ್ದು, ಆದ್ದರಿಂದ ನಮ್ಮಲ್ಲಿ ಬಹಳ ಮಂದಿಗೆ ಗೊತ್ತಿಲ್ಲ. 2008ರ ಜಾಗತಿಕ ಕುಸಿತದ ಹಿಂದೆಯೇ ರೇಷ್ಮೆ ನೂಲಿನ ಕೆಲಸಕ್ಕೂ ಪೆಟ್ಟು ಬಿತ್ತು. ಚೀನಾದ ಅಗ್ಗದ ರೇಷ್ಮೆಯ ಕಾಟ ಬೇರೆ ಇತ್ತು. ಕೋಲಾರ, ಶಿಡ್ಲಘಟ್ಟ, ರಾಮನಗರ, ಮೈಸೂರಿನ ಕೆಲವು ಮೊಹಲ್ಲಾಗಳಲ್ಲಿ ಮೈಕ್ರೋಫೈನಾನ್ಸ್ ಸಂಸ್ಥೆಗಳು ಪೈಪೋಟಿಯ ಮೇಲೆ ಸಾಲ ಕೊಟ್ಟಿದ್ದವು. ಒಬ್ಬೊಬ್ಬ ಹೆಂಗಸಿನ ಹೆಸರಲ್ಲಿ ನಾಲ್ಕೈದು ಕಡೆ ಸಾಲ. ಒಂದರ ಕಂತಿಗೆ ಇನ್ನೊಂದರ ಸಾಲ. ಗುಂಪಿನಲ್ಲಿ ಒಬ್ಬಳು ಕಟ್ಟದಿದ್ದರೆ ಉಳಿದವರು ಕಟ್ಟಬೇಕು, ಆದ್ದರಿಂದ ವಸೂಲಿಗೆ ಬರುವವರು ಒಬ್ಬಳ ಮನೆ ಮುಂದೆ ಹತ್ತು ಜನ ಹೆಂಗಸರನ್ನು ಕೂರಿಸುತ್ತಿದ್ದರು. ಕೆಲಸ ಕಡಿಮೆಯಾದಾಗ ಕಂತು ತಪ್ಪಿತು, ಜಗಳ ಬೀದಿಗೆ ಬಂತು. 2009ರ ಆರಂಭದಲ್ಲಿ ಮೊದಲು ಕೋಲಾರದಲ್ಲಿ, ಆಮೇಲೆ ಉಳಿದ ಊರುಗಳಲ್ಲಿ, ಅಂಜುಮನ್ ಸಮಿತಿಗಳು ಇನ್ನು ಈ ಸಂಸ್ಥೆಗಳಿಗೆ ಯಾರೂ ಹಣ ಕಟ್ಟಬಾರದು, ಅವುಗಳ ಜೊತೆ ವ್ಯವಹಾರವೇ ಬೇಡ ಎಂದು ತೀರ್ಮಾನ ಮಾಡಿದವು. ಸಾವಿರಾರು ಹೆಂಗಸರು ಒಟ್ಟಿಗೆ ಕಂತು ನಿಲ್ಲಿಸಿದರು.

ನನ್ನ ಖಾಲಾ ಆಗ ಚರಕದ ಕೆಲಸಕ್ಕೆ ಹೋಗುತ್ತಿದ್ದವರು. ಆ ತೀರ್ಮಾನದ ದಿನ ಎದೆಯ ಮೇಲಿನ ಕಲ್ಲು ಇಳಿದ ಹಾಗಾಯಿತು ಎಂದು ಈಗಲೂ ಹೇಳುತ್ತಾರೆ. ಆದರೆ ಮುಂದಿನ ಮಾತನ್ನೂ ಅವರೇ ಹೇಳುತ್ತಾರೆ. ಆ ಸಂಸ್ಥೆಗಳು ಇಲ್ಲಿ ಹೊಸ ಸಾಲ ಕೊಡುವುದನ್ನು ನಿಲ್ಲಿಸಿದವು, ನಿಯತ್ತಾಗಿ ಕಟ್ಟಿದ್ದವರಿಗೂ ಸಿಗದಾಯಿತು. ಮಗಳ ಹೆರಿಗೆಗೆ ಹಣ ಬೇಕಾದಾಗ ಖಾಲಾ ಹೋದದ್ದು ವಾರದ ಬಡ್ಡಿಯವನ ಬಳಿಗೆ. ಅವನ ಬಡ್ಡಿ ಸಂಘದ ಬಡ್ಡಿಗಿಂತ ಎಷ್ಟೋ ಪಟ್ಟು. ಕಿವಿಯ ಓಲೆ ಹೋಯಿತು.

ಅಂಜುಮನ್‌ನ ಹಿರಿಯರು ಮಾಡಿದ್ದು ಸರಿಯೋ ತಪ್ಪೋ ಎಂದು ಹದಿನೇಳು ವರ್ಷದ ನಾನು ತೀರ್ಪು ಕೊಡುವುದಿಲ್ಲ. ಹೆಂಗಸರ ಮರ್ಯಾದೆ ಬೀದಿಗೆ ಬಂದಾಗ ಯಾರಾದರೂ ನಿಲ್ಲಿಸಲೇಬೇಕಿತ್ತು. ಕಾನೂನು ಬರಲಿಲ್ಲ, ಅವರು ಬಂದರು. ಆದರೆ ಒಂದು ವ್ಯತ್ಯಾಸ ನೋಡಿ. ಎಲ್ಲರೂ ಒಟ್ಟಿಗೆ ಕಟ್ಟುವುದನ್ನು ನಿಲ್ಲಿಸಿದರೆ ಕಟ್ಟಲಾಗದವಳೂ ಕಟ್ಟಬಲ್ಲವಳೂ ಒಂದೇ ಆಗುತ್ತಾರೆ. ಸಾಲ ಮುಗಿಯುವುದೂ ಇಲ್ಲ, ತೂಗುತ್ತಾ ಇರುತ್ತದೆ. ದಿವಾಳಿ ಕಾನೂನು ಮಾಡುವ ಕೆಲಸ ಇದಕ್ಕೆ ಉಲ್ಟಾ. ಅದು ಒಬ್ಬೊಬ್ಬರ ಲೆಕ್ಕ ತೆಗೆದು ನೋಡುತ್ತದೆ. ಇದ್ದವರಿಂದ ಕೊಡಿಸುತ್ತದೆ, ಇಲ್ಲದವರನ್ನು ಬಿಡಿಸುತ್ತದೆ, ಒಂದು ದಿನ ಫೈಲು ಮುಚ್ಚುತ್ತದೆ.

ಇದೇ ಮಾತನ್ನು ಸರ್ಕಾರದ ಕ್ರಮಗಳ ಬಗ್ಗೆಯೂ ಹೇಳಬೇಕು. ನಮ್ಮ ರಾಜ್ಯದಲ್ಲಿ ದೇವರಾಜ ಅರಸು ಅವರ ಕಾಲದಲ್ಲಿ, 1976ರಲ್ಲಿ, ಋಣ ಪರಿಹಾರ ಕಾಯ್ದೆ ಬಂತು. 2018ರ ಇನ್ನೊಂದು ಕಾಯ್ದೆಗೆ 2019ರಲ್ಲಿ ರಾಷ್ಟ್ರಪತಿಗಳ ಒಪ್ಪಿಗೆ ಸಿಕ್ಕಿ ಸಣ್ಣ ರೈತರು, ಭೂಮಿ ಇಲ್ಲದವರು, ದುರ್ಬಲ ವರ್ಗದವರು ಖಾಸಗಿ ಲೇವಾದೇವಿಯವರಿಂದ ಪಡೆದ ಸಾಲ ಮನ್ನಾ ಆಯಿತು. 2025ರ ಆರಂಭದಲ್ಲಿ ಮೈಕ್ರೋಫೈನಾನ್ಸ್ ವಸೂಲಿಯ ಕಿರುಕುಳದಿಂದ ಜನ ಊರು ಬಿಟ್ಟ, ಜೀವ ಕಳೆದುಕೊಂಡ ಸುದ್ದಿಗಳು ದಿನಾ ಪತ್ರಿಕೆಯಲ್ಲಿ ಬಂದವು. ಆಗ ಸರ್ಕಾರ ಸುಗ್ರೀವಾಜ್ಞೆ ತಂದಿತು. ರಾಜ್ಯಪಾಲರು ಮೊದಲು ವಾಪಸ್ ಕಳಿಸಿ, ಫೆಬ್ರುವರಿ 12ರಂದು ಸಹಿ ಮಾಡಿದರು. ಬಲವಂತದ ವಸೂಲಿಗೆ 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ. ಒಳ್ಳೆಯದೇ. ಆದರೆ ಕಿರುಕುಳ ನಿಂತರೆ ಸಾಲ ತೀರುವುದಿಲ್ಲ. ಬಾಗಿಲು ಬಡಿಯುವವನು ಸುಮ್ಮನಾದ, ಒಳಗಿರುವವಳ ಲೆಕ್ಕ ಹಾಗೇ ಇದೆ. ಮನ್ನಾ ಎಂಬುದೂ ಹತ್ತಾರು ವರ್ಷಕ್ಕೊಮ್ಮೆ ಬರುವ ಮಳೆ. ಆ ವರ್ಷ ಮುಳುಗಿದವನಿಗೆ ಸಿಕ್ಕಿತು, ಮುಂದಿನ ವರ್ಷ ಮುಳುಗಿದವನಿಗೆ ಇಲ್ಲ.

ಈ ವಿಷಯವನ್ನು ಸ್ನೇಹಿತರ ಜೊತೆ ಮಾತಾಡಿದಾಗ ಎರಡು ಆಕ್ಷೇಪಗಳು ಬಂದವು. ಒಂದು, ಹೀಗೆ ದಾರಿ ಕೊಟ್ಟರೆ ಎಲ್ಲರೂ ಸಾಲ ಮಾಡಿ ದಿವಾಳಿ ಹೇಳುತ್ತಾರೆ ಎಂಬುದು. ಈ ಭಯವನ್ನು ನಾವು ದೊಡ್ಡವರ ವಿಷಯದಲ್ಲಿ ಯಾಕೆ ಪಡುವುದಿಲ್ಲ? ಐಬಿಸಿ ಅಡಿಯಲ್ಲಿ ಇತ್ಯರ್ಥವಾದ ಕಂಪನಿಗಳಿಂದ ಸಾಲ ಕೊಟ್ಟವರಿಗೆ ಒಟ್ಟಾರೆ ವಾಪಸ್ ಬಂದದ್ದು ಕೇಳಿದ ಹಣದ ಮೂರನೇ ಒಂದು ಭಾಗದಷ್ಟು. 2021ರಲ್ಲಿ ವಿಡಿಯೋಕಾನ್ ಸಮೂಹದ ಸುಮಾರು 64,838 ಕೋಟಿ ರೂಪಾಯಿ ಬಾಕಿಗೆ ಸುಮಾರು 2,962 ಕೋಟಿಯ ಯೋಜನೆಯನ್ನು ಸಾಲ ಕೊಟ್ಟವರೇ ಒಪ್ಪಿ, ಮುಂಬೈನ ನ್ಯಾಯಮಂಡಳಿಯೂ ಒಪ್ಪಿತ್ತು. ಮೇಲ್ಮನವಿಯಲ್ಲಿ ಅದು ರದ್ದಾಯಿತು, ಆ ಮಾತು ಬೇರೆ. ನೂರು ರೂಪಾಯಿಗೆ ಐದು ರೂಪಾಯಿ ಕೂಡ ಇಲ್ಲ! ಸೂಟು ಹಾಕಿದವರು ಇದನ್ನು ಹೇರ್‌ಕಟ್ ಅನ್ನುತ್ತಾರೆ. ನನ್ನ ಖಾಲಾ 40,000ದಲ್ಲಿ 2,000 ಕಟ್ಟಿ ಉಳಿದದ್ದಕ್ಕೆ ಹೇರ್‌ಕಟ್ ಮಾಡಿಕೊಳ್ಳಿ ಅಂದಿದ್ದರೆ ಏನಾಗುತ್ತಿತ್ತು ಎಂದು ನೀವೇ ಊಹಿಸಿ. ಅಲ್ಲದೆ, ಆಸ್ತಿ ಬಚ್ಚಿಟ್ಟು ಸುಳ್ಳು ಹೇಳುವವನಿಗೆ ದಿವಾಳಿ ಕಾನೂನು ಬಿಡುಗಡೆ ಕೊಡುವುದಿಲ್ಲ. ಈಗಿನ ಸ್ಥಿತಿಯಲ್ಲೇ ಮೋಸಗಾರನಿಗೆ ಅನುಕೂಲ ಹೆಚ್ಚು. ರಾತ್ರೋರಾತ್ರಿ ಬೀಗ ಹಾಕಿ ಹೋದವರಲ್ಲಿ ಮೋಸಗಾರ ಯಾರು, ನಿಜವಾಗಿ ಸೋತವನು ಯಾರು ಎಂದು ಲೆಕ್ಕ ತೆಗೆಯುವವರೇ ಇಲ್ಲ.

ಎರಡನೇ ಆಕ್ಷೇಪ ನಮ್ಮ ಮನೆಯಿಂದಲೇ ಬಂತು. ಕರ್ಜ್ ತೀರಿಸದೆ ಕಣ್ಣು ಮುಚ್ಚಬಾರದು ಎಂದು ನಾನಿ ಹೇಳುತ್ತಾರೆ. ಆ ಮಾತಿನ ಗೌರವ ನನಗಿದೆ, ನಮ್ಮ ಓಣಿಯವರು ಸಾಲವನ್ನು ಹಗುರವಾಗಿ ತೆಗೆದುಕೊಳ್ಳದಿರುವುದು ಅದರಿಂದಲೇ. ಆದರೆ ಸೂರಾ ಅಲ್ ಬಕರಾದಲ್ಲಿ ಸಾಲಗಾರ ಕಷ್ಟದಲ್ಲಿದ್ದರೆ ಅವನಿಗೆ ಅನುಕೂಲವಾಗುವ ತನಕ ಮೊಹಲತ್ ಕೊಡಬೇಕು, ಬಿಟ್ಟುಕೊಟ್ಟರೆ ಇನ್ನೂ ಒಳ್ಳೆಯದು ಎಂಬ ಅರ್ಥದ ಆಯತ್ ಇದೆ ಎಂದು ನಮಗೆ ಮದರಸಾದಲ್ಲಿ ಕಲಿಸಿದ್ದಾರೆ. ಅದು ಸಾಲ ಕೊಟ್ಟವನಿಗೆ ಹೇಳಿದ ಮಾತು. ನಾನಿಯ ಜೊತೆ ಈ ಚರ್ಚೆ ಇನ್ನೂ ಮುಗಿದಿಲ್ಲ.

ಇನ್ನು, ಕಾಯ್ದೆ ಬದಲಾಗುವ ತನಕ ಕಾಯುವುದಕ್ಕಿಂತ ಈಗಾಗಲೇ ಇರುವ ಕೆಲವು ರಕ್ಷಣೆಗಳನ್ನು ನಮ್ಮ ಮನೆಗಳಿಗೆ ತಿಳಿಸುವ ಕೆಲಸ ನಾವು ಮಾಡಬಹುದು. ನಾನು ಕೇಳಿದ ಹತ್ತು ಜನರಲ್ಲಿ ಒಬ್ಬರಿಗೂ ಇವು ಗೊತ್ತಿರಲಿಲ್ಲ.

ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಕಲಂ ಪ್ರಕಾರ ಕೋರ್ಟೇ ಜಪ್ತಿ ಆದೇಶ ಕೊಟ್ಟರೂ ಸಾಲಗಾರನ ಮನೆಯ ಅಡುಗೆ ಪಾತ್ರೆ, ಹಾಸಿಗೆ, ತೊಡುವ ಬಟ್ಟೆ, ಕುಶಲಕರ್ಮಿಯ ಕೈಸಲಕರಣೆಗಳನ್ನು ಮುಟ್ಟುವಂತಿಲ್ಲ. ಧರ್ಮದ ಪದ್ಧತಿಯಂತೆ ಹೆಂಗಸು ಮೈಮೇಲಿಂದ ತೆಗೆಯಬಾರದ ಒಡವೆಯನ್ನೂ ಮುಟ್ಟುವಂತಿಲ್ಲ. ಕೋರ್ಟಿಗೇ ಇಲ್ಲದ ಅಧಿಕಾರ ಬೈಕಿನಲ್ಲಿ ಬರುವ ಹುಡುಗನಿಗೆ ಎಲ್ಲಿಂದ ಬಂತು? ಅದೇ ಸಂಹಿತೆಯ 56ನೇ ಕಲಂ ಇನ್ನೂ ಮುಖ್ಯ. ಹಣ ಕಟ್ಟಬೇಕೆಂಬ ಡಿಕ್ರಿಯನ್ನು ಜಾರಿ ಮಾಡಲು ಹೆಂಗಸನ್ನು ಬಂಧಿಸಿ ಸಿವಿಲ್ ಜೈಲಿಗೆ ಕಳಿಸುವಂತಿಲ್ಲ. ಸಂಘದ ಸಾಲಗಳೆಲ್ಲ ಬಹುತೇಕ ಹೆಂಗಸರ ಹೆಸರಲ್ಲೇ ಇವೆ, ಮತ್ತು ಅವರನ್ನು ಹೆದರಿಸುವುದು ಜೈಲಿನ ಹೆಸರು ಹೇಳಿಯೇ. ಗಂಡಸರ ವಿಷಯದಲ್ಲೂ, ಕಟ್ಟಲು ಶಕ್ತಿ ಇಲ್ಲದವನನ್ನು ಬಡತನದ ಕಾರಣಕ್ಕೆ ಜೈಲಿಗೆ ಹಾಕಬಾರದೆಂದು ಸುಪ್ರೀಂ ಕೋರ್ಟು 1980ರಲ್ಲೇ ಜಾಲಿ ಜಾರ್ಜ್ ವರ್ಗೀಸ್ ಪ್ರಕರಣದಲ್ಲಿ ಹೇಳಿದೆ. ಚೆಕ್ ಬೌನ್ಸ್ ಮಾತ್ರ ಬೇರೆ, ಅದು ಕ್ರಿಮಿನಲ್ ಕೇಸು, ಆದ್ದರಿಂದ ಸಾಲಕ್ಕೆ ಖಾಲಿ ಚೆಕ್ ಕೊಡಬೇಡಿ ಎಂದು ನಮ್ಮ ಮನೆಯವರಿಗೆ ಇವತ್ತೇ ಹೇಳಬೇಕು. ರಿಸರ್ವ್ ಬ್ಯಾಂಕಿನ 2022ರ ನಿಯಮದಂತೆ ಮೈಕ್ರೋಫೈನಾನ್ಸ್ ಸಾಲದ ವಸೂಲಿಗೆ ಬೆಳಗ್ಗೆ 9ಕ್ಕೆ ಮೊದಲು, ಸಂಜೆ 6ರ ಮೇಲೆ ಫೋನ್ ಕೂಡ ಮಾಡಬಾರದು. ಮನೆಯ ಎಲ್ಲ ಸಾಲಗಳ ಕಂತೂ ಸೇರಿ ತಿಂಗಳ ಆದಾಯದ ಅರ್ಧವನ್ನು ಮೀರುವಂತೆ ಹೊಸ ಸಾಲ ಕೊಡಬಾರದು.

ಹೋದ ವರ್ಷ ನಮ್ಮ ತರಗತಿಯಿಂದ ಇಬ್ಬರು ಬಿಟ್ಟುಹೋದರು. ಹಾಜರಿ ಪುಸ್ತಕದಲ್ಲಿ ಕಾರಣ ಬರೆಯುವ ಕಾಲಂ ಇಲ್ಲ. ಒಬ್ಬ ಈಗ ಬೆಂಗಳೂರಿನಲ್ಲಿ ಪಾರ್ಸೆಲ್ ಹಂಚುತ್ತಾನೆ, ತಂದೆಯ ಸಾಲದ ಕಂತು ಅವನ ಫೋನಿಗೇ ಬರುತ್ತದೆ. ಅಪ್ರಾಪ್ತ ವಯಸ್ಸಿನವನ ಜೊತೆ ಮಾಡಿದ ಕರಾರು ಅನೂರ್ಜಿತ ಎಂದು ಅವನೇ ನನಗೆ ಪರೀಕ್ಷೆಯ ಹಿಂದಿನ ದಿನ ಹೇಳಿಕೊಟ್ಟಿದ್ದ. ತಂದೆಯ ಸಾಲಕ್ಕೆ ಮಗ ತನ್ನ ಸಂಬಳದಿಂದ ಹೊಣೆಯಲ್ಲ ಎಂದು ಅವನಿಗೆ ಹೇಳುವವರು ಯಾರೂ ಇರಲಿಲ್ಲ.

ಆದ್ದರಿಂದ ಪ್ರಾಂಶುಪಾಲರಲ್ಲಿ ಮತ್ತು ವಾಣಿಜ್ಯ ವಿಭಾಗದ ಉಪನ್ಯಾಸಕರಲ್ಲಿ ನನ್ನ ವಿನಂತಿ ಇದು. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ ಪ್ರಕಾರ ಹೆಂಗಸರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ಕಾನೂನು ನೆರವು ಸಿಗಬೇಕು. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ವಕೀಲರೊಬ್ಬರನ್ನು ತಿಂಗಳಿಗೆ ಒಂದು ಶನಿವಾರ ನಮ್ಮ ಕಾಲೇಜಿಗೆ ಕರೆಸಿ. ತಾಯಂದಿರು ಬ್ಯಾಂಕಿಗೆ, ಕೋರ್ಟಿಗೆ ಹೋಗಲು ಹಿಂಜರಿಯುತ್ತಾರೆ, ಮಕ್ಕಳ ಕಾಲೇಜಿಗೆ ಬರುತ್ತಾರೆ. ಸಾಲದ ಕಾರ್ಡುಗಳನ್ನು, ಪಾಸ್‌ಬುಕ್ಕುಗಳನ್ನು ತರಲಿ. ಯಾರಿಗೆ ಎಷ್ಟು ಕೊಡಬೇಕು, ಬಡ್ಡಿ ಎಷ್ಟು, ಅಸಲು ಎಷ್ಟು ಉಳಿದಿದೆ ಎಂದು ಪಟ್ಟಿ ಮಾಡಿಕೊಡುವ ಕೆಲಸ ದ್ವಿತೀಯ ಪಿಯು ಅಕೌಂಟೆನ್ಸಿ ವಿದ್ಯಾರ್ಥಿಗಳದು. ಆಸ್ತಿ ಮತ್ತು ಹೊಣೆಗಾರಿಕೆಗಳ ಪಟ್ಟಿ ಮಾಡುವುದನ್ನು ನಮಗೆ ಕಲಿಸಿದ್ದಾರೆ. ಉರ್ದುವಿನಲ್ಲಿ ಹೇಳಿದ್ದನ್ನು ಕನ್ನಡದಲ್ಲಿ ಬರೆದು ವಕೀಲರಿಗೆ ಕೊಡುವವರೂ ನಮ್ಮಲ್ಲಿ ಸಾಕಷ್ಟು ಇದ್ದೇವೆ. ಹೆಸರುಗಳನ್ನು ಗುಟ್ಟಾಗಿ ಇಡಬೇಕು, ಅದು ಮೊದಲ ಷರತ್ತು. ನನ್ನ ಹೆಸರನ್ನು ಆ ಪಟ್ಟಿ ಮಾಡುವವರಲ್ಲಿ ಈಗಲೇ ಬರೆದುಕೊಳ್ಳಬಹುದು. ಉಳಿದವರು ಕಾಮರ್ಸ್ ವಿಭಾಗದ ನೋಟೀಸ್ ಬೋರ್ಡಿನ ಕೆಳಗೆ ಇಟ್ಟಿರುವ ಪುಸ್ತಕದಲ್ಲಿ ಬರೆಯಿರಿ.